ನೀಲಿ ಡಬ್ಬಿಯವಳ ಹಾಡು

ಫೆಬ್ರವರಿ ೪, ಭಾನುವಾರ

ಪೇಶಾವರದಿಂದ, ಹಾಡು ಮಾಡಿಸಿ ಮಾರುವ ತಿಲಾ ಮೊಹಮ್ಮದ್ ಫೋನ್ ಮಾಡಿದ್ದ. ಹಾಡಿನ ರೆಕಾರ್ಡಿಂಗ್ ಮುಗಿಯಿತಂತೆ. "ಉಸ್ತಾದ್, ತಬಲಾದವನು ನಗು ತಡೀಲಾರದೆ ಎರಡು ಸಲ ತಾಳ ತಪ್ಪಿದ. ಇದು ಓಡುತ್ತೆ, ಬರೆದಿಟ್ಕೊಳ್ಳಿ" ಎಂದ. ಬರೆದಿಡುತ್ತಿದ್ದೇನೆ.

ನನಗೂ ಈ ಹಾಡಿನ ಬಗ್ಗೆ ಹೆಮ್ಮೆಯಿದೆ. ನಮ್ಮ ಪಶ್ತೋ ಹಾಡುಗಳ ಹುಡುಗಿ ಇನ್ನೂ ಕೊಡ ಹೊತ್ತು ಹೊಳೆಯ ದಾರಿಯಲ್ಲೇ ನಿಂತಿದ್ದಾಳೆ. ಈಗ ಮನೆಮನೆಗೆ ನಲ್ಲಿ ಬಂದಿದೆ. ಹೊಳೆದಂಡೆಯಲ್ಲಿ ಕಾದು ಕೂತ ಪ್ರೇಮಿಗೆ ಎಮ್ಮೆಗಳು ಮಾತ್ರ ಕಂಡಾವು. ಹೊಸ ಕಾಲಕ್ಕೆ ಹೊಸ ಹುಡುಗಿ ಬೇಕಿತ್ತು. ಹೋದ ತಿಂಗಳು ಪೋಲಿಯೊ ಹನಿ ಹಾಕುವವಳು ನಮ್ಮ ಗಲ್ಲಿಗೆ ಬಂದಾಗ ಹೊಳೆಯಿತು. ಹೆಗಲಿಗೆ ನೀಲಿ ಡಬ್ಬಿ, ಮುಖದ ಮೇಲೆ ಚಾದರ, ಪಕ್ಕದ ಮನೆ ಕೂಸಿನ ಗಲ್ಲ ಒತ್ತಿ ಬಾಯಿಗೆ ಎರಡು ಹನಿ. ಅವಳು ಗಲ್ಲಿ ದಾಟುವಷ್ಟರಲ್ಲಿ ಪಲ್ಲವಿ ಸಿದ್ಧವಾಗಿತ್ತು:

ನೀಲಿ ಡಬ್ಬಿಯವಳೇ, ನಮ್ಮ ಬಾಗಿಲಲ್ಲೂ ನಿಲ್ಲೇ,
ನಾನೂ ಎಳೆಯ ಕೂಸೇ, ನನ್ನ ತುಟಿಗೂ ಎರಡು ಹನಿ ಚೆಲ್ಲೇ.

ಮುಂದಿನ ನುಡಿಗಳನ್ನು ಇಲ್ಲಿ ಬರೆಯುವುದು ಬೇಡ. ತಿಲಾ ಮೊಹಮ್ಮದ್ "ಇನ್ನೂ ಸ್ವಲ್ಪ ಖಾರ" ಕೇಳಿದ್ದ. ಹಾಕಿದ್ದೇನೆ.

ಹಾಡಿನ ಮೇಲೆ ನನ್ನ ಹೆಸರು ಖಾಕ್ಸಾರ್ ಅಂತಷ್ಟೇ. ಕವಿಗೋಷ್ಠಿಗಳಲ್ಲಿ ಗಜಲ್ ಓದುವ ಗುಲ್ ಫರಾಜ್ ಬೇರೆ, ಗಂಡುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪಶ್ತೋ ಕಲಿಸುವ ಮಾಸ್ತರ ಬೇರೆ, ಖಾಕ್ಸಾರ್ ಬೇರೆ. ಮನೆಯಲ್ಲಿ ಮೂರನೆಯವನ ಪರಿಚಯ ಯಾರಿಗೂ ಇಲ್ಲ.

ಫೆಬ್ರವರಿ ೨೩, ಶುಕ್ರವಾರ

ಓಡುತ್ತಿದೆ! ತಖ್ತ್‌ಭಾಯಿ ಪೇಟೆಯಲ್ಲಿ ಇಂದು ಮೂರು ಕಡೆ ಕೇಳಿದೆ. ಕ್ಷೌರದವನು ನನ್ನ ಗಡ್ಡ ಸವರುತ್ತಲೇ ಗುನುಗಿದ. ಮೊಬೈಲ್ ಅಂಗಡಿಯಲ್ಲಿ ಹುಡುಗರು ಮೆಮೊರಿ ಕಾರ್ಡಿಗೆ ತುಂಬಿಸಿಕೊಳ್ಳಲು ನಿಂತಿದ್ದರು. ವಾಪಸು ಬರುವಾಗ ಜರ್ವಲಿಯ ರಿಕ್ಷಾ ಹತ್ತಿದೆ. ಅವನೂ ಅದನ್ನೇ ಹಾಕಿದ್ದ.

"ಮಾಸ್ತರ್ ಸಾಹೇಬ್ರೇ, ಆರಿಸ್ಲಾ? ನಿಮ್ಮಂಥ ದೊಡ್ಡೋರಿಗೆ ಇದು ಸರಿ ಹೋಗಲ್ಲ."

"ಇರಲಿ ಬಿಡೋ, ದಾರಿ ಸಾಗಬೇಕಲ್ಲ" ಎಂದೆ.

ಅವನು ದನಿ ಇನ್ನಷ್ಟು ಏರಿಸಿದ. ತನ್ನ ಮದುವೆಯ ಊಟಕ್ಕೆ ತಾನೇ ಅಪರಿಚಿತನಾಗಿ ಹೋಗಿ ಕೂತವನಂತೆ ನಾನು ಹಿಂದೆ ಕೂತು ನಗುತ್ತಿದ್ದೆ.

ಮಾರ್ಚ್ ೧೨, ಸೋಮವಾರ

ಇಂದಿನಿಂದ ಮತ್ತೆ ಹನಿ ಹಾಕುವ ಸುತ್ತು. ಶಾಲೆ ಮುಗಿಸಿ ಬಂದು ಒಳಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅಂಗಳದಲ್ಲಿ ಹೆಂಗಸರ ದನಿ ಕೇಳಿತು. ನಮ್ಮ ಮನೆಯಲ್ಲಿ ಎಳೆ ಮಕ್ಕಳಿಲ್ಲ. ಆದರೂ ಪ್ರತಿ ಸುತ್ತಿನಲ್ಲೂ ಡಬ್ಬಿಯವಳನ್ನು ಕೂರಿಸಿ ಮನೆಯವಳು ಹಸಿರು ಚಹಾ ಕೊಡುವುದು ರೂಢಿಯಂತೆ. ನನಗೆ ತಿಳಿದದ್ದು ಇವತ್ತು.

"ಏನಾಯ್ತೇ ಶಂದಾನಾ? ಚಹಾ ಮುಟ್ಟೇ ಇಲ್ಲ."

"ಏನಿಲ್ಲ ಅಕ್ಕಾ."

"ಏನಿಲ್ದೇ ಚಹಾ ಆರೋಕೆ ಬಿಡ್ತೀಯಾ? ಹೇಳು."

ಅಳುವ ಸದ್ದು ಕೇಳಿತು. ಆಮೇಲೆ ಅವಳು ಹೇಳಿದಳು. ಇಟ್ಟಿಗೆ ಭಟ್ಟಿಯ ಕೇರಿಯಲ್ಲಿ ಮೀಸೆ ಬಂದ ಹುಡುಗರು, ಗಂಡಸರು ಸಾಲಾಗಿ ನಾಲಿಗೆ ಚಾಚಿ ನಿಂತಿದ್ದರಂತೆ. ‘ನಾವೂ ಕೂಸುಗಳೇ, ನಮಗೂ ಎರಡು ಹನಿ.’ ಕಾವಲಿಗೆ ಬಂದ ಪೊಲೀಸಿನವನು ಮುಖ ಆಚೆ ತಿರುಗಿಸಿ ನಗುತ್ತಿದ್ದನಂತೆ.

"ಯಾವ ಹಾಳಾದವನು ಬರೆದನೋ ಆ ಹಾಡು" ಎಂದಳು ಮನೆಯವಳು. "ಅವನ ಕೈಗೆ ಹುಳ ಬೀಳಲಿ. ಅವನ ಮನೇಲಿ ಹೆಣ್ಣುಮಕ್ಕಳಿಲ್ವಾ?"

"ಇದ್ರೆ ಬರೀತಿದ್ನಾ ಅಕ್ಕಾ?"

ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತು. ಯಾರೋ ಒಬ್ಬ ಹುಡುಗನಿಗೆ ನೂರಕ್ಕೆ ಎಂಬತ್ತು ಕೊಟ್ಟುಬಿಟ್ಟಿದ್ದೇನೆ, ಆಮೇಲೆ ನೋಡಿದರೆ ಅರ್ಧ ಪುಟ ಖಾಲಿ.

ಹಾಡು ಹಾಡೇ. ನಾನು ಯಾರ ಹೆಸರನ್ನೂ ಹಾಕಿಲ್ಲ. ಹೆಸರು ಹಾಕಲು ನನಗೆ ಅವಳ ಹೆಸರೇ ಗೊತ್ತಿರಲಿಲ್ಲ. ಏಳು ವರ್ಷದಿಂದ ಬರುತ್ತಿದ್ದಾಳಂತೆ.

ಮಾರ್ಚ್ ೧೩, ಮಂಗಳವಾರ

ಬರೆಯುವಂಥದ್ದೇನಿಲ್ಲ. ಕೆಮ್ಮು.

ಮಾರ್ಚ್ ೧೫, ಗುರುವಾರ

ಪೇಟೆಯಲ್ಲಿ ಹೊಡೆದಾಟವಾಯಿತು. ರಿಕ್ಷಾ ನಿಲ್ದಾಣದ ಹತ್ತಿರ ಜನ ಸೇರಿತ್ತು. ಜರ್ವಲಿ ನೆಲದ ಮೇಲೆ ಕೂತಿದ್ದ, ಹುಬ್ಬು ಒಡೆದು ರಕ್ತ ಕತ್ತಿನವರೆಗೆ ಇಳಿದಿತ್ತು. ರಿಕ್ಷಾದ ಸ್ಪೀಕರನ್ನು ಅವನೇ ಕಿತ್ತು ರಸ್ತೆಗೆ ಬಡಿದಿದ್ದನಂತೆ.

ಚಹಾದಂಗಡಿಯವನು ಹೇಳಿದ: "ನೀಲಿ ಡಬ್ಬಿ ಹಾಡು ಹಾಕಿ ಬರ್ತಿದ್ದ ಸಾಹೇಬ್ರೇ. ಹಿಂದೆ ಕೂತವನು, ‘ಏನಪ್ಪಾ, ನಿನ್ನ ತಂಗಿ ಮೇಲೆ ಹಾಡು ಬಂದಿದೆ, ನೀನೇ ಊರೆಲ್ಲ ಸಾರ್ಕೊಂಡು ತಿರುಗ್ತೀಯಾ?’ ಅಂದ. ಅಷ್ಟೇ."

ಅಲ್ಲಿಯವರೆಗೆ ಅದು ತಂಗಿಯ ಮೇಲಿನ ಹಾಡು ಎಂದು ಜರ್ವಲಿಗೆ ಹೊಳೆದೇ ಇರಲಿಲ್ಲ. ನಮ್ಮ ಜನ ಗುಂಡೇಟು ತಿಂದು ಬದುಕುತ್ತಾರೆ, ಹಂಗಿಸುವ ಮಾತು ತಿಂದು ಬದುಕುವುದಿಲ್ಲ. ಶಂದಾನಾ ಗಂಡ ಸತ್ತ ಮೇಲೆ ತಾಯಿಯೊಡನೆ ಈ ಅಣ್ಣನ ಮನೆಯಲ್ಲೇ ಇರುವವಳು. ಇನ್ನು ಅವಳು ಹೊಸಿಲು ದಾಟಿದರೆ ತಾನು ಪಠಾಣನೇ ಅಲ್ಲ ಎಂದು ಅವನು ಎಲ್ಲರೆದುರು ಆಣೆ ಹಾಕಿದ.

ಹಳೆಯ ವಿದ್ಯಾರ್ಥಿ ಅವನು. ನನ್ನನ್ನು ಕಂಡು ಎದ್ದು ನಿಂತು, ರಕ್ತದ ಕೈಯನ್ನು ಅಂಗಿಗೆ ಒರೆಸಿಕೊಂಡು ಸಲಾಂ ಮಾಡಿದ. ನಾನು ಕರವಸ್ತ್ರ ಕೊಟ್ಟೆ. ಎಷ್ಟು ಒಳ್ಳೆಯವನು ನಾನು! ಮಾಸ್ತರ್ ಸಾಹೇಬರು ಕರವಸ್ತ್ರ ಕೊಟ್ಟರು ಎಂದು ನಾಲ್ಕು ಜನ ನೋಡಿದರು.

ಮಾರ್ಚ್ ೧೮, ಭಾನುವಾರ

ಮಧ್ಯಾಹ್ನ ಮಗಳು ವಗ್ಮಾ ನೋಟುಪುಸ್ತಕ ಹಿಡಿದು ಬಂದಳು. ಮರ್ದಾನಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಳೆ, ನನ್ನದೇ ವಿಷಯ. ಕಾಲೇಜಿನಲ್ಲಿ ಭಾಷಣವಂತೆ: ಪಶ್ತೋ ಹಾಡಿನಲ್ಲಿ ಹೆಣ್ಣು.

"ಅಬ್ಬಾ ಜಾನ್, ತಿದ್ದಿ ಕೊಡಿ. ಮುಲಾಜು ಬೇಡ."

ಮೊದಲು ಟಪ್ಪೆಗಳನ್ನು ಓದಿದಳು, ಹೆಂಗಸರು ಬೀಸುವಾಗ, ಮದುವೆಯಲ್ಲಿ, ಹೆಣದ ಮುಂದೆ ಹೇಳುವ ಎರಡು ಸಾಲಿನ ಪದಗಳು. ಮನೆಮನೆ ತಿರುಗಿ ಕೂಡಿಸಿದ್ದಾಳೆ. ಒಂದು ಹೀಗಿತ್ತು:

ನೀರಿಗೆ ಹೋದೆನೆಂದು ಊರೆಲ್ಲ ಕಥೆ ಕಟ್ಟಿತು,
ಕೊಡ ಎಷ್ಟು ಭಾರವಿತ್ತೆಂದು ಯಾವ ಕಥೆಯಲ್ಲೂ ಬರಲೇ ಇಲ್ಲ.

ಇನ್ನೊಂದು:

ನಿನ್ನ ಪದ್ಯದಲ್ಲಿ ನನ್ನ ಕಣ್ಣು ಬಾಣವಂತೆ,
ಒಲೆಯ ಹೊಗೆಗೆ ಅವು ಕೆಂಪಾದದ್ದನ್ನು ನೀನೊಮ್ಮೆಯೂ ಕೇಳಲಿಲ್ಲ.

"ಆಹಾ!" ಎಂದೆ. "ಇದಕ್ಕೆ ನೂರೈವತ್ತು ವರ್ಷವಾದರೂ ಆಗಿರಬೇಕು. ಹಳೇ ಕಾಲದ ಹೆಂಗಸರ ನಾಲಿಗೆಗೆ ಮಾತ್ರ ಇಂಥ ಮೊನೆ."

ವಗ್ಮಾ ತಾಯಿಯ ಕಡೆ ನೋಡಿದಳು. ಅವಳು ಸೊಪ್ಪು ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

"ಟಪ್ಪೆಯಲ್ಲಿ ಅವಳು ‘ನಾನು’ ಅಂತಾಳೆ ಅಬ್ಬಾ. ಬೈತಾಳೆ, ಅಣಕಿಸ್ತಾಳೆ, ಕರೀತಾಳೆ, ಬೇಡ ಅಂತಾಳೆ. ನಿಮ್ಮ ಗಜಲ್‌ಗೆ ಬಂದ ತಕ್ಷಣ ಬಾಯಿ ಕಟ್ಟಿಹೋಗುತ್ತೆ. ಬರೀ ಕೊಲ್ತಾ ಇರ್ತಾಳೆ, ಕಣ್ಣಲ್ಲಿ. ಇನ್ನು ಈಗಿನ ಹಾಡು ನೋಡಿ. ನಲವತ್ತು ಹಾಡು ಕೇಳಿ ಪಟ್ಟಿ ಮಾಡಿದೀನಿ. ಕಣ್ಣು, ತುಟಿ, ಸೊಂಟ ಎಲ್ಲದರಲ್ಲೂ ಇದೆ. ಕೆಲಸ ಮಾಡೋ ಕೈ ಇರೋದು ಒಂದೇ ಒಂದು ಹಾಡಲ್ಲಿ."

"ಯಾವುದು?"

"ನೀಲಿ ಡಬ್ಬಿ. ನಲವತ್ತು ಹಾಡಲ್ಲಿ ಉದ್ಯೋಗ ಇರೋಳು ಅವಳೊಬ್ಬಳೇ ಅಬ್ಬಾ. ಅವಳನ್ನೂ ಬಿಡಲಿಲ್ಲ ಅವನು."

ನಾನು ಚಹಾ ಕುಡಿದೆ. ತಣ್ಣಗಾಗಿತ್ತು.

"ನನಗೆ ಜಾಸ್ತಿ ಸಿಟ್ಟು ಬರೋದು ಏನಕ್ಕೆ ಗೊತ್ತಾ? ಈ ಖಾಕ್ಸಾರ್ ಅನ್ನೋನು ದಡ್ಡ ಅಲ್ಲ. ಛಂದಸ್ಸು ಎಲ್ಲೂ ಎಡವಿಲ್ಲ. ಯಾರೋ ಒಳ್ಳೇ ಗುರು ಕಲಿಸಿದಾರೆ."

"ಇರಬಹುದು" ಎಂದೆ. ಎರಡು ಕಾಗುಣಿತ ತಿದ್ದಿ ಕೊಟ್ಟೆ.

ಮಾರ್ಚ್ ೨೪, ಶನಿವಾರ

ಶಂದಾನಾ ಕೆಲಸ ಬಿಟ್ಟಳಂತೆ. ಅವಳ ಬದಲು ಬಂದ ಹುಡುಗಿ ಭಟ್ಟಿಯ ಕೇರಿಗೆ ಕಾಲಿಡಲು ಒಲ್ಲೆ ಎಂದಳಂತೆ. ಮನೆಯವಳು ರೊಟ್ಟಿ ಬಡಿಯುತ್ತ ಹೇಳಿದಳು, ನನಗೆಂದು ಹೇಳಿದ್ದಲ್ಲ, ಹಿಟ್ಟಿಗೆ ಹೇಳಿದಂತಿತ್ತು: "ಅಲ್ಲಿ ಹದಿನೇಳು ಮನೆ. ಅವಳು ಮಾತಾಡಿ ಮಾತಾಡಿ ಬಾಗಿಲು ತೆರೆಸಿದ್ಲು. ಈಗ ಎಲ್ಲಾ ಮುಚ್ಚಿಕೊಂಡವು."

ಶಾಲೆಯ ಹಿಂದಿನ ಹಿಪ್ಪುನೇರಳೆ ಮರದ ಕೆಳಗೆ ನಿಂತು ತಿಲಾ ಮೊಹಮ್ಮದನಿಗೆ ಫೋನ್ ಮಾಡಿದೆ. ಹಾಡನ್ನು ತೆಗೆದುಬಿಡು ಎಂದೆ.

ಅವನು ಬಹಳ ಹೊತ್ತು ನಕ್ಕ. "ಎಲ್ಲಿಂದ ತೆಗೀಲಿ ಉಸ್ತಾದ್? ದುಬೈ ಟ್ಯಾಕ್ಸಿಗಳಿಂದಲಾ? ಕರಾಚಿ ಮದುವೆಗಳಿಂದಲಾ? ಅದು ಈಗ ನಿಮ್ಮದೂ ಅಲ್ಲ, ನಂದೂ ಅಲ್ಲ. ಅದು ಬಿಡಿ, ಎರಡನೇದು ಬರೀರಿ. ಆಸ್ಪತ್ರೆ ನರ್ಸ್ ಮೇಲೆ. ಸೂಜಿ, ಗೀಜಿ... ನಿಮಗೆ ನಾನು ಹೇಳ್ಕೊಡ್ಬೇಕಾ?"

"ನೋಡೋಣ" ಎಂದೆ.

ಆಗುವುದಿಲ್ಲ ಎನ್ನಬೇಕಿತ್ತು. ‘ನೋಡೋಣ’ ಎಂದೆ. ಅಷ್ಟೇ ಅಲ್ಲ, ಶಾಲೆಯ ಗೇಟು ತಲುಪುವಷ್ಟರಲ್ಲಿ ಸೂಜಿಗೆ ಒಂದು ಪ್ರಾಸ ತಲೆಯಲ್ಲಿ ಬಂದು ಕೂತಿತ್ತು. ಇದನ್ನು ಯಾರಿಗೆ ಹೇಳಲಿ.

ಮಾರ್ಚ್ ೨೭, ಮಂಗಳವಾರ

ಪ್ರಾಯಶ್ಚಿತ್ತಕ್ಕೆಂದು ಒಂದು ಪದ್ಯ ಬರೆದೆ. ಅದರಲ್ಲಿ ಶಂದಾನಾ ನಾಡಿನ ಹೆಮ್ಮೆ, ಮಕ್ಕಳ ತಾಯಿ, ಡಬ್ಬಿ ಹಿಡಿದ ವೀರವನಿತೆ. ಇಪ್ಪತ್ತು ಸಾಲು. ಓದಿ ನೋಡಿದೆ. ಚೆನ್ನಾಗಿತ್ತು. ಚೆನ್ನಾಗಿದೆ ಅನ್ನಿಸಿದ್ದೇ ಹೇಸಿಗೆಯಾಯಿತು. ಹರಿದೆ.

ಮಾರ್ಚ್ ೨೯, ಗುರುವಾರ

ಹೇಳಿದೆ.

ಮಧ್ಯಾಹ್ನ ಅಂಗಳದಲ್ಲಿ ಮನೆಯವಳು ಬಟಾಣಿ ಬಿಡಿಸುತ್ತಿದ್ದಳು. ವಗ್ಮಾ ಕಾಲೇಜಿನಲ್ಲಿದ್ದಳು. ಹಗ್ಗದ ಮಂಚದ ಇನ್ನೊಂದು ತುದಿಗೆ ಕೂತು, ನಾನೂ ಒಂದು ಹಿಡಿ ಬಟಾಣಿ ತೆಗೆದುಕೊಂಡೆ. ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ಬಟಾಣಿ ಬಿಡಿಸಿದವನಲ್ಲ. ಅವಳು ಆಗಲೇ ಅನುಮಾನದಿಂದ ನೋಡಿದಳು.

"ಖಾಕ್ಸಾರ್ ನಾನೇ."

ಅವಳ ಬೆರಳು ನಿಂತವು. ಮತ್ತೆ ಶುರುವಾದವು. ಬುಟ್ಟಿ ಮುಗಿಯುವವರೆಗೂ ಬಿಡಿಸಿದಳು. ಆಮೇಲೆ ಸಿಪ್ಪೆಯನ್ನೆಲ್ಲ ಸೆರಗಿಗೆ ತುಂಬಿಕೊಂಡು ಹೇಳಿದಳು:

"ನಾನು ಶಾಪ ಹಾಕಿದ್ನಲ್ಲ. ಕೈಗೆ ಹುಳ ಬೀಳಲಿ ಅಂತ."

"ಕೇಳಿಸ್ಕೊಂಡೆ."

"ಒಳಗೇ ಇದ್ರಾ?"

"ಇದ್ದೆ."

"ಅವಳು ಅಳ್ತಾ ಇದ್ದಾಗ?"

"ಹ್ಞೂಂ."

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. "ಅವತ್ತು ನೀವು ಆಹಾ ಅಂದ್ರಲ್ಲ, ಒಲೆ ಹೊಗೆಯ ಟಪ್ಪೆ" ಎಂದಳು. "ಅದಕ್ಕೆ ನೂರೈವತ್ತು ವರ್ಷ ಆಗಿಲ್ಲ. ವಗ್ಮಾ ಹುಟ್ಟಿದ ವರ್ಷದ್ದು. ನೀವು ಕವಿಗೋಷ್ಠಿಗೆ ಅಂತ ನೌಶೇರಾಕ್ಕೆ ಹೋಗಿದ್ರಿ. ಹಸೀ ಬಾಣಂತಿ, ಹಸೀ ಸೌದೆ. ನಾನೇ ಹೇಳ್ಕೊಂಡೆ."

"ನೀನು ಟಪ್ಪೆ ಕಟ್ತೀಯಾ?"

"ಇವತ್ತಾದ್ರೂ ಕೇಳಿದ್ರಲ್ಲ."

ಎದ್ದು ಹೋಗಿ ಸಿಪ್ಪೆಯನ್ನು ಆಡಿಗೆ ಹಾಕಿದಳು. ಬೆನ್ನು ತಿರುಗಿಸಿಯೇ, "ನಾಳೆ ಶುಕ್ರವಾರ. ನಮಾಜಾದ್ಮೇಲೆ ಹೋಗಿ. ನನ್ನ ಹತ್ರ ಹೇಳಿ ಏನುಪಯೋಗ?" ಎಂದಳು ಮೆಹರ್ ತಾಜ್.

ಮಾರ್ಚ್ ೩೦, ಶುಕ್ರವಾರ

ನಮ್ಮಲ್ಲಿ ತಪ್ಪೊಪ್ಪಿಕೊಂಡು ಇನ್ನೊಬ್ಬರ ಬಾಗಿಲಿಗೆ ಹೋಗುವವನು ಕುರಿ ಹೊಡೆದುಕೊಂಡು ಹೋಗಬೇಕು. ಹೊಡೆದುಕೊಂಡು ಹೋದೆ. ದಾರಿಯಲ್ಲಿ ಸಿಕ್ಕವರೆಲ್ಲ ಮಾಸ್ತರರಿಗೆ ಏನು ಹರಕೆ ಎಂದು ಕೇಳಿದರು.

ಜರ್ವಲಿ ಬಾಗಿಲಲ್ಲೇ ಇದ್ದ. ಹುಬ್ಬಿನ ಮೇಲೆ ಹೊಲಿಗೆ. ಕುರಿಯನ್ನು ನೋಡಿದ, ನನ್ನನ್ನು ನೋಡಿದ, ಏನೂ ಅರ್ಥವಾಗಲಿಲ್ಲ. ಹೇಳಿದೆ. ಅವನ ಮುಖ ಕಪ್ಪಿಟ್ಟಿತು. ಕೈ ಎತ್ತಿದ, ಗುರುವಿನ ಮೇಲೆ ಎತ್ತಿದ ಕೈ ಅರ್ಧದಲ್ಲೇ ಉಳಿಯಿತು.

"ಅಲಿಫ್ ಬೇ ಅಕ್ಷರ ಕಲಿಸಿದೋರು ನೀವು. ಏನ್ ಮಾಡ್ಲಿ ನಾನು ಈಗ? ಕ್ಷಮಿಸಿದ್ರೆ ಹಾಡು ನನ್ನ ತಂಗಿ ಮೇಲೇ ಅಂತ ಊರಿಗೆಲ್ಲ ಸಾಬೀತಾಗುತ್ತೆ. ಕ್ಷಮಿಸದೇ ಇದ್ರೆ ನಿಮ್ಮನ್ನ ಹೊಡೀಬೇಕು. ಹೊಡೆದ್ರೂ ಸಾಬೀತಾಗುತ್ತೆ."

"ಲಾಲಾ, ಪಕ್ಕಕ್ಕೆ ಬಾ" ಎಂದು ಒಳಗಿಂದ ಅವನ ತಂಗಿಯ ದನಿ ಬಂತು. ಬಾಗಿಲಿಗೆ ಗೋಣಿ ಪರದೆ ಇಳಿಬಿಟ್ಟಿತ್ತು. ಅದರ ಕೆಳಗೆ ಪ್ಲಾಸ್ಟಿಕ್ ಚಪ್ಪಲಿ ಹಾಕಿದ ಎರಡು ಪಾದ ಕಂಡವು. ನಾನು ನೋಟವನ್ನು ಕುರಿಯ ಮೇಲಿಟ್ಟೆ.

"ಮಾಸ್ತರ್ ಸಾಹೇಬ್ರೇ, ಹಾಡು ಇದ್ದಿದ್ದು ನಮ್ಮಣ್ಣನ ಮೇಲಾ?"

"ಅಲ್ಲಮ್ಮಾ."

"ಮತ್ತೆ ಅವನ ಹತ್ರ ಯಾಕೆ ಕ್ಷಮೆ ಕೇಳ್ತೀರಿ?"

ನಾನು ಕುರಿಯ ಹಗ್ಗವನ್ನು ಇನ್ನೊಂದು ಕೈಗೆ ಬದಲಿಸಿದೆ.

"ಏಳು ವರ್ಷ ತಿರುಗಿದೀನಿ. ಹನಿ ಬೇಡ ಅನ್ನೋರ ಗುಂಡು ನನ್ನ ಜೊತೆಯೋಳ ಕಾಲಿಗೆ ಬಿತ್ತು, ಮಾರನೇ ದಿನ ನಾನು ಡಬ್ಬಿ ಎತ್ಕೊಂಡು ಹೋದೆ. ಗುಂಡಿಗೆ ಹೆದರಿ ಬಿಡ್ಲಿಲ್ಲ. ನಗುವಿಗೆ ಹೆದರಿ ಬಿಟ್ಟೆ. ಗುಂಡು ಹಾರಿಸೋನು ಮುಖ ಮುಚ್ಕೊಂಡು ಬರ್ತಾನೆ ಸಾಹೇಬ್ರೇ. ನೀವೂ ಮುಚ್ಕೊಂಡೇ ಬಂದ್ರಿ."

"ಏನು ಮಾಡ್ಲಿ, ಹೇಳು."

"ನಾಲಿಗೆ ಚಾಚ್ಕೊಂಡು ನಿಂತಿದ್ರಲ್ಲ, ಅರ್ಧ ಜನ ನಿಮ್ಮ ಶಾಲೆಯೋರೇ. ಅವರ ಮುಂದೆ ಹೇಳಿ. ನನ್ನ ಹೆಸರು ತೆಗೀಬೇಡಿ. ನಿಮ್ಮ ಹೆಸರು ಹೇಳಿ. ಕುರಿ ವಾಪಸ್ ಹೊಡ್ಕೊಂಡು ಹೋಗಿ."

ಹೊಡೆದುಕೊಂಡು ಬಂದೆ. ಪೇಟೆಯಲ್ಲಿ ಇಬ್ಬರು, ಮಾರುತ್ತೀರಾ ಎಂದು ಕೇಳಿದರು.

ಏಪ್ರಿಲ್ ೧, ಭಾನುವಾರ

ನಾಳೆ ಹೇಳುತ್ತೇನೆ.

ಏಪ್ರಿಲ್ ೨, ಸೋಮವಾರ

ಹೇಳಲಿಲ್ಲ. ಪ್ರಾರ್ಥನೆಯ ಹೊತ್ತಿಗೆ ಕೆಮ್ಮು ಬಂದಂತೆ ಮಾಡಿ ಹಿಂದಿನ ಸಾಲಿನಲ್ಲಿ ನಿಂತೆ. ಮೆಹರ್ ತಾಜ್ ಸಂಜೆ ನನ್ನ ಮುಖ ನೋಡಿ ಊಟದ ತಟ್ಟೆ ಇಟ್ಟಳು.

ಏಪ್ರಿಲ್ ೩, ಮಂಗಳವಾರ

ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಮೈಕಿನ ಹತ್ತಿರ ಹೋದೆ. ನಾನೂರು ಹುಡುಗರು. ‘ನೀಲಿ ಡಬ್ಬಿ ಹಾಡನ್ನು ಬರೆದ ಖಾಕ್ಸಾರ್ ನಾನೇ’ ಎಂದೆ.

ಕೂಡಲೇ ಚಪ್ಪಾಳೆ.

ಹೌದು, ಚಪ್ಪಾಳೆ. ಹತ್ತನೇ ತರಗತಿಯ ಸಾಲಿನಿಂದ ಶಿಳ್ಳೆ. "ಉಸ್ತಾದ್ ಜಿಂದಾಬಾದ್!" "ಒಂದು ಸಲ ಹಾಡಿ ಉಸ್ತಾದ್!" ಗಣಿತದ ಮಾಸ್ತರರು ಬೆನ್ನ ಹಿಂದೆ "ಅಯ್ಯೋ ಕಳ್ಳಾ" ಎಂದು ನಗುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಈ ಹುಡುಗರು ನನ್ನ ಕಡೆ ಅಷ್ಟು ಪ್ರೀತಿಯಿಂದ ನೋಡಿದ್ದಿಲ್ಲ. ಮೈಕು ಹಿಡಿದು, "ಚಪ್ಪಾಳೆ ನಿಲ್ಲಿಸಿ" ಎಂದು ಕಿರುಚಿದೆ. ದನಿ ಒಡೆದುಹೋಯಿತು. ಚಪ್ಪಾಳೆ ನಿಂತಿತು.

ಮುಂದೆ ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ರಾತ್ರಿ ಸಿದ್ಧಮಾಡಿದ್ದ ಮಾತು ಒಂದೂ ಬರಲಿಲ್ಲ. ನಿಮ್ಮ ತಮ್ಮ ತಂಗಿಯರ ಬಾಯಿಗೆ ಹನಿ ಹಾಕುವ ಕೈಯ ಮೇಲೆ ನಾನು ಕೊಳಕು ಎರಚಿದೆ, ನೀವು ನಕ್ಕಿರಿ, ಬರೆದ ತಪ್ಪು ನನ್ನದು, ನಕ್ಕ ತಪ್ಪು ನಿಮ್ಮದು, ನನಗೆ ನಾಚಿಕೆಯಾಗುತ್ತಿದೆ ಎಂದು ಹೇಳಿದೆನೆಂದು ಕಾಣುತ್ತದೆ. ಕೆಲವರು ತಲೆ ತಗ್ಗಿಸಿದರು. ಕೆಲವರು ಇನ್ನೂ ನಗುತ್ತಲೇ ಇದ್ದರು. ಎಂಟನೇ ತರಗತಿಯ ಒಬ್ಬ ಅಳುತ್ತಿದ್ದ, ಯಾಕೆಂದು ಗೊತ್ತಿಲ್ಲ.

ಹೆಡ್‌ಮಾಸ್ತರರು ಕರೆಸಿ, "ಬರೆದದ್ದು ಬರೆದಿರಿ, ಮೈಕಲ್ಲಿ ಹೇಳೋ ದರ್ದೇನಿತ್ತು?" ಎಂದರು. ಮೇಲಿನವರಿಗೆ ವರದಿ ಹೋಗುತ್ತದಂತೆ.

ಏಪ್ರಿಲ್ ೪, ಬುಧವಾರ

ವಗ್ಮಾಗೆ ನಾನೇ ಹೇಳಬೇಕೆಂದಿದ್ದೆ. ನಿನ್ನೆ ಕಾಲೇಜಿನ ವ್ಯಾನಿನಲ್ಲಿ ಯಾರದೋ ತಮ್ಮನ ಬಾಯಿಂದ ಸುದ್ದಿ ಅವಳನ್ನು ಮುಟ್ಟಿತ್ತು. ಇವತ್ತು ಶಾಲೆಯಿಂದ ಬಂದಾಗ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿತ್ತು, ದನಿ ಸರಿಯಿತ್ತು.

"ಒಂದೇ ಪ್ರಶ್ನೆ ಅಬ್ಬಾ. ಅವತ್ತು ನಾನು ಛಂದಸ್ಸು ಎಲ್ಲೂ ಎಡವಿಲ್ಲ ಅಂದಾಗ ನಿಮಗೆ ಏನನ್ನಿಸ್ತು?"

ಸುಳ್ಳು ಹೇಳಬಹುದಿತ್ತು. ಸುಳ್ಳು ನಾಲಿಗೆಯ ಮೇಲೆ ಸಿದ್ಧವಾಗಿಯೇ ಇತ್ತು.

"ಖುಷಿಯಾಯ್ತು" ಎಂದೆ.

ಅವಳು ತಲೆಯಾಡಿಸಿ ಹೊರಟುಹೋದಳು. ಬಾಗಿಲನ್ನು ಮೆತ್ತಗೆ ಮುಂದೆ ಮಾಡಿದಳು. ಬಡಿದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ೭, ಶನಿವಾರ

ಜರ್ವಲಿ ಶಾಲೆಯ ಗೇಟಿಗೆ ಬಂದಿದ್ದ. ರಿಕ್ಷಾದಲ್ಲಿ ಸ್ಪೀಕರಿನ ಜಾಗ ಖಾಲಿ. ಕೆಳಗಿಳಿಯಲಿಲ್ಲ, ಸಲಾಂ ಕೂಡ ಮಾಡಲಿಲ್ಲ.

"ಸೋಮವಾರದಿಂದ ಮತ್ತೆ ಸುತ್ತು. ಅವಳ ಮೇಲಿನ ಮೇಡಂ ಮನೆಗೆ ಬಂದು ಕೂತಿದ್ರು. ಇವಳೂ ಹೋಗ್ತೀನಿ ಅಂತ ಹಟ. ನಾನು ಆಣೆ ಹಾಕಿದ್ದೆ, ಅದನ್ನೂ ಮುರಿಸಿದ್ಲು. ಜೊತೆಗೆ ಒಬ್ಬ ಗಂಡಸು ಬೇಕು ಅಂದೆ, ನನಗೆ ರಿಕ್ಷಾ ಇದೆ."

"ನಾನು..."

"ಅವಳೇ ಹೇಳಿದ್ಲು. ಬರೆದೋನೇ ಡಬ್ಬಿ ಹೊರಲಿ ಅಂತ. ಏಳು ಗಂಟೆಗೆ." ಕಿಕ್ ಹೊಡೆದು ಹೊರಟ. ಸ್ವಲ್ಪ ದೂರ ಹೋಗಿ ತಿರುಗಿ, "ರಜಾ ಹಾಕಿ ಬನ್ನಿ" ಎಂದು ಕೂಗಿದ.

ಏಪ್ರಿಲ್ ೯, ಸೋಮವಾರ

ಡಬ್ಬಿ ಇಷ್ಟು ಭಾರವೆಂದು ತಿಳಿದಿರಲಿಲ್ಲ. ಒಳಗೆ ಮಂಜುಗಡ್ಡೆ. ಪಟ್ಟಿ ಹೆಗಲನ್ನು ಕೊರೆಯುತ್ತದೆ. ಎರಡು ಗಲ್ಲಿಯಾದ ಮೇಲೆ ಹೆಗಲು ಬದಲಿಸಬೇಕು. ಮುಂದೆ ಶಂದಾನಾ, ಹಿಂದೆ ನಾನು, ನನ್ನ ಹಿಂದೆ ಬಂದೂಕಿನ ಪೊಲೀಸಿನವನು. ಅದೇ ಪೊಲೀಸಿನವನು. ಈ ಸಲ ನಗಲಿಲ್ಲ, ಅಥವಾ ನಾನು ತಿರುಗಿ ನೋಡಲಿಲ್ಲ.

ಭಟ್ಟಿಯ ಕೇರಿಯ ಮೊದಲ ಬಾಗಿಲಲ್ಲಿ ನಾನು ಗಂಟಲು ಸರಿಮಾಡಿಕೊಂಡು, "ತಾಯಂದಿರೇ..." ಎಂದು ಶುರುಮಾಡಿದೆ.

"ಭಾಷಣ ಬೇಡ" ಎಂದಳು ಶಂದಾನಾ. "ನೀವು ಹೊತ್ಕೊಳ್ಳಿ, ಬರ್ಕೊಳ್ಳಿ, ಸಾಕು." ಬಾಗಿಲನ್ನು ಅವಳೇ ತಟ್ಟಿದಳು. ಒಳಗಿಂದ ಯಾರದು ಎಂದರು. "ಶಂದಾನಾ!" ಎಂದು ಗಲ್ಲಿಗೆಲ್ಲ ಕೇಳುವ ಹಾಗೆ ಹೇಳಿದಳು.

ಹದಿನಾಲ್ಕು ಮನೆ ತೆರೆದವು. ಕೆಲವು ಕೂಡಲೇ, ಕೆಲವು ಅರ್ಧ ಗಂಟೆಯ ಮಾತಿನ ಮೇಲೆ. ಕೊನೆಯ ಸಾಲಿನ ಮೂರು ಮನೆಯವರದು ಒಂದೇ ಅಂಗಳ. ಅಲ್ಲಿಯ ಹೆಂಗಸು ಅಗಳಿ ತೆಗೆಯದೆ ಹೇಳಿದಳು: "ಹಾಡಿನೋಳಾ? ಹಾಡಿಗೆ ಸಿಕ್ಕೋಳ ಕೈಯಿಂದ ನಮ್ಮ ಮಕ್ಕಳಿಗೆ ಏನೂ ಬೇಡ."

ಶಂದಾನಾ ನನ್ನ ಕಡೆ ತಿರುಗಿದಳು. ಬೆಳಗಿನಿಂದ ಅದೇ ಮೊದಲು. ಕಾದಳು.

"ತಂಗೀ" ಎಂದೆ ಮುಚ್ಚಿದ ಬಾಗಿಲಿಗೆ. "ಹಾಡು ನನ್ನದು. ಬರೆದವನು ನಾನು, ಗುಲ್ ಫರಾಜ್, ಶಾಲೆ ಮಾಸ್ತರ. ಇವರು ಹಾಡಿಗೆ ಸಿಕ್ಕೋರಲ್ಲ. ನಾನು ಕದ್ದದ್ದು."

"ನೀನಾ?" ಎಂದಿತು ಒಳಗಿನ ದನಿ. "ಥೂ."

ಬಾಗಿಲಿನ ಸಂದಿಯಿಂದ ಏನೂ ಬಂದು ತಾಗಲಿಲ್ಲ, ಆದರೂ ಮುಖ ಒರೆಸಿಕೊಂಡೆ. ಬಾಗಿಲು ತೆರೆಯಲಿಲ್ಲ. ಶಂದಾನಾ ಚೀಟಿಯಲ್ಲಿ ಗುರುತು ಹಾಕಿ, "ನಾಳೆ" ಎಂದಳು.

ಏಪ್ರಿಲ್ ೧೦, ಮಂಗಳವಾರ

ಆ ಅಂಗಳ ಇಂದೂ ತೆರೆಯಲಿಲ್ಲ. ಬೇರೆ ಕೇರಿಗಳಲ್ಲಿ ತಿರುಗಿದೆವು. ಹುಡುಗರು ಒಂದೆಡೆ ಹಾಡು ಶುರುಮಾಡಿ, ನನ್ನನ್ನು ಕಂಡು ಅರ್ಧಕ್ಕೆ ನಿಲ್ಲಿಸಿದರು. ಇನ್ನೊಂದು ಕಡೆ ನನ್ನನ್ನು ಕಂಡೇ ಶುರುಮಾಡಿದರು. ಮೆಹರ್ ತಾಜ್ ಹೆಗಲಿಗೆ ಸಾಸಿವೆ ಎಣ್ಣೆ ಕಾಯಿಸಿ ಕೊಟ್ಟಳು. ವಗ್ಮಾ ಇನ್ನೂ ಮಾತಾಡುತ್ತಿಲ್ಲ. ಡಬ್ಬಿಯ ಪಟ್ಟಿಗೆ ಸುತ್ತಲು ಒಂದು ಹಳೆಯ ದುಪ್ಪಟ್ಟಾ ನನ್ನ ಚಪ್ಪಲಿಯ ಪಕ್ಕ ಇತ್ತು. ಯಾರಿಟ್ಟದ್ದೆಂದು ಕೇಳಲಿಲ್ಲ.

ಏಪ್ರಿಲ್ ೧೧, ಬುಧವಾರ

ಮೂರನೆಯ ದಿನ. ಶಂದಾನಾ ಆ ಬಾಗಿಲಲ್ಲಿ ಬಹಳ ಹೊತ್ತು ಮೆಲ್ಲಗೆ ಮಾತಾಡಿದಳು. ಹನಿಯ ವಿಷಯವಲ್ಲ, ಯಾರದೋ ಹೆರಿಗೆ, ಯಾರದೋ ಸೊಸೆ, ಈ ವರ್ಷದ ಜೋಳದ ಹಿಟ್ಟು. ಕೊನೆಗೆ ಅಗಳಿ ಸರಿದ ಸದ್ದು. ಬಾಗಿಲು ಒಂದು ಗೇಣು ತೆರೆಯಿತು.

"ನೀನು ಬಾ. ಅವನು ಹೊರಗಿರಲಿ."

ನಾನು ಡಬ್ಬಿಯನ್ನು ಹೊಸಿಲಿನ ಮೇಲಿಟ್ಟು, ಹಿಂದೆ ಸರಿದು, ಗೋಡೆಯ ಕಡೆ ಮುಖ ಮಾಡಿ ನಿಂತೆ. ಮಣ್ಣಿನ ಗೋಡೆ, ಒಣಗಿದ ಹುಲ್ಲಿನ ಚೂರುಗಳು ಮಿಂಚುತ್ತಿದ್ದವು. ಮೂಗಿಗೆ ತಾಗುವಷ್ಟು ಹತ್ತಿರ. ಒಳಗೆ ಮೊದಲು ಒಂದು ಕೂಸು ಅತ್ತಿತು. ಚಹಾದ ಲೋಟಗಳ ಸದ್ದು. ಆಮೇಲೆ ಯಾರೋ ಏನೋ ಎರಡು ಸಾಲು ರಾಗವಾಗಿ ಹೇಳಿದರು, ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ಹೊಟ್ಟೆಯಿಂದ ಬಂದ ನಗು. ಶಂದಾನಾಳ ನಗುವೂ ಅದರಲ್ಲಿತ್ತು. ಹಿಂದೆಂದೂ ಕೇಳಿರಲಿಲ್ಲ, ಆದರೂ ಗೊತ್ತಾಯಿತು. ಏನು ಹೇಳಿದರೋ ತಿಳಿಯಲಿಲ್ಲ. ನನ್ನ ಮೇಲೆಯೇ ಕಟ್ಟಿದ್ದಿರಬಹುದು. ನನ್ನ ಕಿವಿ ಬಿಸಿಯಾಯಿತು, ಪೊಲೀಸಿನವನಿಗೆ ಕಂಡಿರಬೇಕು. ಗೋಡೆಯಿಂದ ಮುಖ ತಿರುಗಿಸಲಿಲ್ಲ.

ಶಂದಾನಾ ಹೊರಗೆ ಬಂದು ಬಾಗಿಲ ಮೇಲೆ ಸೀಮೆಸುಣ್ಣದ ಗುರುತು ಹಾಕಿದಳು. ನಾನು ಮಕ್ಕಳ ಲೆಕ್ಕದ ಹಾಳೆ ಬಿಡಿಸಿ ಪೆನ್ನು ತೆಗೆದೆ.

"ಎಷ್ಟು ಮಕ್ಕಳು?"

"ಐದು. ಮೂರು ಹೆಣ್ಣು, ಎರಡು ಗಂಡು. ಬರ್ಕೊಳ್ಳಿ."

ಬರೆದುಕೊಂಡೆ.

"ಓದಿ" ಎಂದಳು.

ಓದಿದೆ. "ಸರಿಯಾಗಿದೆ" ಎಂದು ಮುಂದಿನ ಗಲ್ಲಿಗೆ ತಿರುಗಿದಳು. ನಾನು ಡಬ್ಬಿ ಎತ್ತಿಕೊಂಡೆ.